ಹತ್ತನೆಯ ದಿನದ ಸಹಿ

ಕೈಗೆಲ್ಲ ಹೊಗೆಸೊಪ್ಪಿನ ಅಂಟು, ಬೆರಳಿಗೆ ಬೆರಳು ಹತ್ತಿಕೊಳ್ಳುವಂಥ ಕಪ್ಪು ಅಂಟು, ಅದಕ್ಕೇ ಚೆಲುವಯ್ಯ ಫೋನು ಎತ್ತಿರಲಿಲ್ಲ, ಸೊಪ್ಪು ಬೇಯಿಸುವ ಬ್ಯಾರನ್ನಿನ ಮೆಟ್ಟಿಲ ಮೇಲೆ ಅದು ಬಡಕೊಂಡು ಬಡಕೊಂಡು ಸುಮ್ಮನಾಗಿ ಮತ್ತೆ ಬಡಕೊಳ್ಳುತ್ತಿತ್ತು — ಮಗಳೇ ಇರಬೇಕು, ಅನುಶ್ರೀ, ಮೈಸೂರಿನಿಂದ, ಪಾಠ ಚೆನ್ನಾಗಿ ಆಯ್ತಪ್ಪ ಅನ್ನುವುದಕ್ಕೆ, ಇನ್ನು ನಾಲ್ಕು ಕಡ್ಡಿ ಸೊಪ್ಪು ಕಟ್ಟಿ ಮಾತಾಡಿದರಾಯಿತು ಅಂದುಕೊಂಡ, ಕಟ್ಟಿಯೂ ಕಟ್ಟಿದ, ಆಮೇಲೆ ಮೊಣಕೈಯಿಂದ ಒತ್ತಿದರೆ ಪಕ್ಕದ ಮನೆ ಐಶ್ವರ್ಯಳ ದನಿ, ಮಾವ, ಅನು ಪಾಠ ಮುಗಿಸಿ ಬೋರ್ಡಿನ ಮುಂದೇನೇ ಬಿದ್ಬುಟ್ಲು, ಆಸ್ಪತ್ರೆಗೆ ತರೋ ಹೊತ್ತಿಗೆ ಇರ್ನಿಲ್ಲ ಮಾವ, ಎಷ್ಟು ಸಲ ಮಾಡ್ದೆ ಫೋನು — ಅವತ್ತಿಗೂ ಇವತ್ತಿಗೂ ಹತ್ತು ದಿನ, ನಾಳೆ ಹನ್ನೊಂದು, ನಾಳೆ ಸೂತಕ ಕಳೆಯುತ್ತದೆ, ಇವತ್ತು ಮಾತ್ರ ಈ ಪುಟ್ಟಮಾದಮ್ಮ, ಐಶ್ವರ್ಯಳ ತಾಯಿ, ಬೇಲಿಯ ಆಚೆ ಕಾಗದ ಹಿಡಿದು ನಿಂತುಬಿಟ್ಟಿದ್ದಾಳೆ, ಬೈಲಕುಪ್ಪೆಯ ಟಿಬೆಟ್ಟಿನವರ ಜೋಳದ ಹೊಲದಿಂದ ಕೂಲಿ ಬಿಟ್ಟು ಬಂದವಳು, ಸೆರಗಿನಲ್ಲಿ ಇನ್ನೂ ಮಣ್ಣು, ಅಣ್ಣಯ್ಯ, ಒಂದೇ ಒಂದ್ ಸೈನು ಕಣಣ್ಣಯ್ಯ, ಐದ್ ಗಂಟೆಗೆ ಮುಗ್ದೋಯ್ತದಂತೆ, ನಮ್ ಐಶ್ವರ್ಯ ಅಲ್ಲೇ ಟ್ರಸ್ಟಿನ್ ಆಪೀಸ್ತಾವ ಕುಂತದೆ, ಫೋಟೋ ಒಡ್ದು ಕಳ್ಸಿದ್ರೂ ಸಾಕಂತೆ.

ಅವತ್ತು ಮೈಸೂರಿನಲ್ಲಿ ಇಬ್ಬರಿಂದಲೂ ಪಾಠ ಮಾಡಿಸಿ ನೋಡಿದ್ದ ಟ್ರಸ್ಟಿನವರ ಪಟ್ಟಿ ಏಳನೆಯ ದಿನ ಬಂದಿತ್ತು, ಫಿಸಿಕ್ಸ್ ಟೀಚರಾಗಲು ಬಿ.ಎಡ್. ಓದುವವರಿಗೆ ತಾಲ್ಲೂಕಿಗೊಂದೇ ಸ್ಕಾಲರ್‌ಶಿಪ್ಪು, ಎರಡು ವರ್ಷದ ಫೀಸು, ಹಾಸ್ಟೆಲ್ಲು ಎಲ್ಲ ಅವರದೇ, ಮೊದಲ ಹೆಸರು ಅನುಶ್ರೀ, ಎರಡನೆಯದು ಐಶ್ವರ್ಯ — ಸತ್ತವಳಿಗೆ ಮೊದಲ ಹೆಸರು, ದೇವರೇ ನಿನಗೆ ಇದೊಂದು ತಮಾಷೆ — ಮೊದಲಿನವಳು ತೀರಿಕೊಂಡಳೆಂದು ಹೆತ್ತವರು ಬರೆದುಕೊಟ್ಟರೆ ಎರಡನೆಯವಳಿಗೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ಯಾರಿಗೂ ಇಲ್ಲ, ಅದೇ ಸರಿ, ಸೂತಕ ಕಣವ್ವ, ಸೂತಕದಲ್ಲಿ ಕಾಗದ ಮುಟ್ಟಬಾರ್ದು, ನಾಳಿಕ್ಕೆ ಬಾ ಅಂದ, ನಾಳೆ ಬಂದರೇನು ಬಂತು ಎಂದು ಗೊತ್ತಿದ್ದೇ ಅಂದ, ಪುಟ್ಟಮಾದಮ್ಮ ಸುಮ್ಮನಿರುವವಳೇ, ಮೊನ್ನೆ ಸೊಪ್ಪಿನ ಹರಾಜಲ್ಲಿ ಸೈನ್ ಹಾಕ್ದಲ್ಲ ಅಣ್ಣಯ್ಯ, ಆ ಪೆನ್ನಿಗೆ ಸೂತಕ ಇರ್ನಿಲ್ವಾ, ಅದು ಹೊಟ್ಟೆಪಾಡು ಅಂದ, ನಾನೇನ್ ಸುಮ್ಕೆ ಬಂದಿದ್ದೀನಾ ಅಣ್ಣಯ್ಯ, ಇದೂ ಹೊಟ್ಟೆಪಾಡೇ. ಒಳಗಿನಿಂದ ಹೆಂಡತಿ ಜಯಲಕ್ಷ್ಮಮ್ಮ, ಹಾಕ್ಕೊಡಿ, ನಮ್ಮ ಮಗಳಿದ್ದಿದ್ರೆ ತಾನೇ ಕೈ ಹಿಡಿದು ಹಾಕಿಸ್ತಿದ್ಲು — ಇದ್ದಿದ್ದರೆ ಯಾಕೆ ಹಾಕಿಸಬೇಕಿತ್ತು, ಮುಚ್ಚು ಬಾಯಿ, ಹೋಗು ಒಳಗೆ.

ನಾಲ್ಕು ಮುಕ್ಕಾಲು, ಹೆಂಗಸು ಅಲ್ಲಾಡುವುದಿಲ್ಲ, ಅಲ್ಲಾಡಬೇಡ, ನಿಂತಿರು, ನಿನ್ನ ಮಗಳು ಸೀರೆಯುಟ್ಟು ಸೀಮೆಸುಣ್ಣ ಹಿಡಿಯಬೇಕು, ನನ್ನವಳು ಮಣ್ಣಿನೊಳಗೆ, ಇಬ್ಬರೂ ಒಂದೇ ಬೆಂಚಿನವರು, ಒಂದೇ ಬಸ್ಸಿನವರು, ಅವತ್ತು ಬೆಳಿಗ್ಗೆ ಕಂಪಲಾಪುರದಲ್ಲಿ ಬಸ್ಸಿಗೆ ಕಾಯುವಾಗ ಅದೇ ಹುಡುಗಿ ಹೇಳಿತ್ತು, ಮಾವ, ಇವಳಿಗೆ ಮೂರು ದಿನದಿಂದ ಜ್ವರ, ಇವತ್ತು ಬೇಡ, ಟ್ರಸ್ಟಿನವರನ್ನೇ ಕೇಳಿ ಇವಳ ಪಾಠ ಇನ್ನೊಂದು ದಿನಕ್ಕೆ ಹಾಕಿಸ್ಕೊಳ್ಳಾಣ, ನಾನೇ ಮಾತಾಡ್ತೀನಿ — ಮಾರ್ಕ್ಸಿನಲ್ಲಿ ಎರಡನೆಯವಳು ಹೇಳಿದ ಮಾತು, ಅವನು ನಕ್ಕಿದ್ದ, ಹೌದ್ಹೌದು, ಇವಳು ಹಿಂದೆ ಉಳುದ್ರೆ ನೀನು ಮುಂದಕ್ಕೆ ಬತ್ತೀಯಲ್ಲ, ಬಲೇ ಜಾಣೆ ಕಣ್ಲೇ ನೀನು, ಬೇರೆ ಊರಿನ ಎಂಟು ಜನ ನಿಂತಿದ್ದರು, ಹುಡುಗಿಯ ಮುಖ ಸುಣ್ಣವಾಗಿತ್ತು, ಅನುಶ್ರೀ ಮಾತ್ರ, ಅಪ್ಪಾ ಸುಮ್ನಿರು, ಹೋಗ್ತೀನಿ ಅಂದಳು, ಅಂದು ಹಣೆ ಒಡ್ಡಿದಳು, ನಂಜನಗೂಡಿನ ವಿಭೂತಿ ಅವನ ಜೇಬಿನಲ್ಲೇ ಇತ್ತು, ಹೆಬ್ಬೆರಳಿನಿಂದ ಎಳೆದ, ಸುಡುತ್ತಿತ್ತು ಹಣೆ, ಕಾದ ಹೆಂಚು, ಬೆರಳು ತಾನಾಗಿ ಹಿಂದಕ್ಕೆ ಬಂತು, ಗೊತ್ತಾಯಿತು, ಗೊತ್ತಾಗಲಿಲ್ಲ ಎಂದು ಯಾರಿಗಾದರೂ ಹೇಳಬಹುದು, ದೇವರಿಗೆ ಹೇಳುವುದು ಹೇಗೆ, ಎಂಟು ಜನರ ಮುಂದೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ, ಹತ್ತವ್ವ, ಬಸ್ಸು ಬಂತು ಅಂದ.

ಪುಟ್ಟಮಾದಮ್ಮನ ಫೋನು, ಐದು ಹತ್ತು, ಇಲ್ಲ ಕಣವ್ವ, ಹಾಕ್ನಿಲ್ಲ ನಿಮ್ಮಾವ, ಮುಚ್ಚುದ್ರಾ, ಬಾ ಮನೆಗೆ, ನಾಳಿದ್ದಿಂದ ನನ್ ಜೊತೆ ಜೋಳ ಮುರಿಯಕ್ಕೆ ಬಾ — ಫೋನು ಕಿವಿಯಿಂದ ತೆಗೆದು ಅವನ ಮುಖವನ್ನೇ ನೋಡುತ್ತಾಳೆ, ಅಣ್ಣಯ್ಯ, ನಿನ್ನ ಏನೂ ಅನ್ಬೇಡ ಅಂತದೆ ನಮ್ ಐಶ್ವರ್ಯ, ಬಸ್ಸಿನ್ತಾವ ನಡೆದಿದ್ದ ಯಾರ್ಗೂ ಏಳಿಲ್ಲ, ಏಳಾದೂ ಇಲ್ಲ ಅಂತ ನಿಂಗೆ ಏಳ್ಬೇಕಂತೆ, ಏನಣ್ಣಯ್ಯ ಅದು, ಏನ್ ನಡೀತು ಬಸ್ಸಿನ್ತಾವ — ಅವನು ಎದ್ದ, ಒಳಗೆ ನಡೆದ, ಬಾಗಿಲು ಹಾಕಿದ, ಮಗಳ ಪಟದ ಮುಂದೆ ಉರಿಯುವ ದೀಪದೆದುರು ಕೈ ಜೋಡಿಸಿದ, ನಂಜುಂಡಪ್ಪ, ನನ್ನ ಮಗಳ ಆತ್ಮಕ್ಕೆ ಶಾಂತಿ ಕೊಡು, ಹೋದ ಕಡೆ ನೆರಳು ಕೊಡು, ನೀರು ಕೊಡು, ಮಗು ಶಾಂತವಾಗಿರಲಿ ಸ್ವಾಮಿ, ಆ ಹಣೆ ಆರಲಿ, ಶಾಂತಿ ಕೊಡು, ಹಣೆ, ಹೆಬ್ಬೆರಳ ಕೆಳಗೆ ಹಣೆ, ಶಾಂತಿ, ಆ ಹಣೆ —