ತಿಂಗಳಿಗೊಂದು ಮಾರು ಓಡುವ ಕಾರು

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು" ಎಂದು ಹಿರಿಯರು ಹೇಳಿದರು. ಆ ಹಿರಿಯರ ಮನೆಯಲ್ಲಿ ಕಾರು ಇರಲಿಲ್ಲ. ಇದ್ದಿದ್ದರೆ "ನಿಂತು ಉಣ್ಣುವ ಕಾರಿಗೆ ಡಬ್ಬಿ ಕರೆಂಟೂ ಸಾಲದು" ಎನ್ನುತ್ತಿದ್ದರು. ಗಾದೆ ಕೆಡಿಸಿದರೆಂದು ಬೈಯುವ ಮುಂಚೆ ಈ ಕಥೆ ಕೇಳಿ. ಖರೇ ಕಥೆ. ಸುಳ್ಳಾದರೆ ಹೇಳಿದವರ ಬೈಕು ನಾಳೆ ನೂರು ಕಿಕ್ಕಿಗೂ ಚಾಲೂ ಆಗದಿರಲಿ.

ತಾಂಬಾದ ಧರೆಪ್ಪನಿಗೆ ಮೂರು ಎಕರೆ ನಿಂಬೆ ತೋಟ, ಒಂದು ಬೈಕು, ಒಂದು ಬಿಳಿ ಕಾರು. ತೋಟಕ್ಕೆ ಬೈಕು, ಸಂತೆಗೆ ಬೈಕು, ಇಂಡಿಗೂ ಬೈಕು. ಕಾರು ಮಾತ್ರ ತಗಡಿನ ಪತ್ರಾಸಿನ ಕೆಳಗೆ ಹೊದಿಕೆ ಹೊದ್ದು, ಮುನಿಸಿಕೊಂಡ ಬೀಗರ ಹಾಗೆ ಕೂತಿರುತ್ತಿತ್ತು.

"ಕಾರು ಮರ್ಯಾದಿ ಕೆಲಸಕ್ಕ. ದಿನಾ ಹೊರಗ ತಗದ್ರ ಗೀರು ಬೀಳ್ತಾವು," ಎನ್ನುತ್ತಿದ್ದ ಧರೆಪ್ಪ.

"ಎರಡು ವರ್ಷ ಆತು. ನಮ್ಮ ಮನ್ಯಾಗ ಮರ್ಯಾದಿ ಕೆಲಸ ಒಂದೂ ಬಂದಿಲ್ಲ ನೋಡ್ರಿ," ಎನ್ನುತ್ತಿದ್ದಳು ಹೆಂಡತಿ ಸೀತವ್ವ.

ಅಮವಾಸ್ಯೆ ಬಂತೆಂದರೆ ಕಾರಿಗೆ ಭರ್ಜರಿ ಪೂಜೆ. ಮೈ ತೊಳೆದು, ವಿಭೂತಿ ಎಳೆದು, ಹಾರ ಹಾಕಿ, ನಾಲ್ಕೂ ಗಾಲಿಗಳ ಕೆಳಗೆ ತೋಟದ ನಾಲ್ಕು ನಿಂಬೆಹಣ್ಣು. ಆಮೇಲೆ ಧರೆಪ್ಪ ಕೀಲಿ ತಿರುವಿ, ಮುಂದಿನ ಎರಡೂ ದೀಪ ಹಚ್ಚಿ, ಮೂರು ಸಲ ಹಾರ್ನ್ ಹೊಡೆದು, ಕಾರನ್ನು ಒಂದು ಮಾರು ಮುಂದೆ ತರುತ್ತಿದ್ದ. ನಿಂಬೆಹಣ್ಣು ಪಚಕ್ ಅಂದ ಕೂಡಲೇ ಬಂದ್. ಮುಂದಿನ ಅಮವಾಸ್ಯೆಗೆ ಒಂದು ಮಾರು ಹಿಂದೆ. ವರ್ಷಕ್ಕೆ ಹನ್ನೆರಡು ಮಾರು ಓಡಿ, ಹೊರಟ ಜಾಗಕ್ಕೇ ಬಂದು ನಿಲ್ಲುವ ಕಾರು ಇಡೀ ಇಂಡಿ ತಾಲ್ಲೂಕಿನಲ್ಲಿ ಅದೊಂದೇ ಇರಬೇಕು.

ಒಳಗೆ ಗಾಜಿನ ಮುಂದೆ ಈಚೆಗೆ ಬಸವನ ಬಾಗೇವಾಡಿಯಿಂದ ತಂದ ಪುಟ್ಟ ಬಸವಣ್ಣ. ಸುತ್ತಲೂ ಕೆಂಪು-ಹಸಿರು ಮಿಣಿಮಿಣಿ ಲೈಟು. ಕೀಲಿ ತೆಗೆದರೆ ಅದೂ ಆರುತ್ತಿತ್ತು. ಅದಕ್ಕೆ ಧರೆಪ್ಪ ವೈರಿಂಗ್ ಬಲ್ಲ ಒಬ್ಬನನ್ನು ಹಿಡಿದು ನೇರ ಬ್ಯಾಟರಿಗೇ ತಂತಿ ಕೂಡಿಸಿದ್ದ. "ದೇವರ ಮುಂದಿನ ದೀಪ ಆರಬಾರ್ದು. ನಂದಾದೀಪ ಅಂದ್ರ ನಂದಾದೀಪ!"

ಊರ ಬಸ್ ಸ್ಟ್ಯಾಂಡಿನ ಹತ್ತಿರ ಗೈಬುಸಾಬನ ಬ್ಯಾಟರಿ ಅಂಗಡಿ. ಈಗ ಅದನ್ನು ನಡೆಸುವವಳು ಐಟಿಐ ಕಲಿತ ಮಗಳು ಕೌಸರ. ಒಂದು ಅಮವಾಸ್ಯೆ ಆಕೆ ಆ ದಾರಿಯಲ್ಲಿ ಹೊರಟಾಗ ಧರೆಪ್ಪ ಕರೆದು ಕೊಬ್ಬರಿ ಕೊಟ್ಟ. ಆಕೆಯ ಕಣ್ಣು ಮಿಣಿಮಿಣಿ ಲೈಟಿನ ಮೇಲೆ ಬಿತ್ತು.

"ಕಾಕಾ, ಈ ಲೈಟು ಹಗಲು-ರಾತ್ರಿ ಬ್ಯಾಟರಿ ಹೀರಾಕತ್ತೈತ್ರಿ."

"ಇಷ್ಟ ಇಷ್ಟು ಲೈಟು! ಎಷ್ಟ್ ಹೀರೀತು?"

"ಸೋರೂ ಕೊಡಕ್ಕ ತೂತು ಸಣ್ಣದ ಇರ್ತೈತ್ರಿ. ಮ್ಯಾಲ, ಗಾಡಿ ಚಾಲೂ ಮಾಡೂಮುಂದ ಬ್ಯಾಟರಿ ಒಮ್ಮೆಲೆ ಭಾಳ ಶಕ್ತಿ ಕೊಡಬೇಕಾಗ್ತೈತಿ. ಅದು ಹೊಳ್ಳಿ ತುಂಬೂದು ಗಾಡಿ ಓಡಿದ್ರನ."

"ತಿಂಗಳಿಗೊಮ್ಮೆ ಚಾಲೂ ಮಾಡ್ತೇನಲ್ಲವಾ?"

"ಒಂದು ಮಾರು ಓಡಸ್ತೀರಿ. ಹ್ಯಾಂಗಂದ್ರ, ಆಳಿಗೆ ಹೊಲಾ ಎಲ್ಲಾ ಕಳೆ ತಗಸಿ, ಬುತ್ತಿ ಕೊಡದ ಮನಿಗೆ ಕಳಿಸಿದಂಗ. ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ತಾಸು ಸಿಂದಗಿ ರೋಡಿಗೆ ಹೊಡಕೊಂಡು ಬರ್ರಿ. ಅದ ಅದರ ಬುತ್ತಿ."

ಧರೆಪ್ಪ ಮೀಸೆಯಲ್ಲೇ ನಕ್ಕ. "ಬ್ಯಾಟರಿ ಮಾರೋರು ಬ್ಯಾಟರಿ ಕೆಡ್ತೈತಿ ಅಂತನ ಹೇಳ್ತೀರಿ, ತಗಿ."

"ಮಾರೂದ ಇದ್ರ ಸುಮ್ನ ಇರ್ತಿದ್ದೆ ಕಾಕಾ, ಕೆಡ್ಲಿ ಅಂತ."

ಇದಕ್ಕೆ ಧರೆಪ್ಪ ಆಕೆಯ ಕೈಗೆ ಇನ್ನೊಂದು ತುಂಡು ಕೊಬ್ಬರಿ ಇಟ್ಟು ಮಾತು ಮುಗಿಸಿದ.

ಕೊನೆಗೂ ಮರ್ಯಾದಿ ಕೆಲಸ ಬಂತು. ಮಗಳು ಶಿವಾನಿ ಸೈಕಲ್ ಓಟಗಾರ್ತಿ. ದಿನಾ ಕೋಳಿ ಕೂಗುವ ಹೊತ್ತಿಗೆ ಎದ್ದು ಸಿಂದಗಿ ರೋಡಿನಲ್ಲಿ ಹತ್ತಾರು ಮೈಲಿ ತುಳಿಯುವ ಹುಡುಗಿ. ಜಿಲ್ಲಾ ತಂಡದ ಆಯ್ಕೆ ವಿಜಯಪುರದಲ್ಲಿ. ಬೆಳಿಗ್ಗೆ ಒಂಬತ್ತರೊಳಗೆ ಹೆಸರು ಕೊಡಬೇಕು, ತಡವಾದರೆ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುವಂತೆಯೂ ಇಲ್ಲ, ಆಗ ಆಕೆಗೆ ವಯಸ್ಸು ಮೀರುತ್ತಿತ್ತು.

"ಅಪ್ಪಾ, ಆರೂವರಿ ಬಸ್ಸಿಗೆ ಹೋಗೂಣು," ಎಂದಳು ಶಿವಾನಿ ಹಿಂದಿನ ದಿನ.

"ಮನ್ಯಾಗ ಕಾರ್ ಇಟ್ಕೊಂಡು ನಿನ್ನ ಸೈಕಲ್ಲು ಬಸ್ಸಿನ ನೆತ್ತಿ ಮ್ಯಾಲ ಕುಂಡ್ರಬೇಕೇನು? ರಾಣಿ ಹಂಗ ಕಾರಿನ್ಯಾಗ ಬರ್ತೈತಿ, ಸುಮ್ನಿರು!"

ಬೆಳಿಗ್ಗೆ ಆರೂವರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಧರೆಪ್ಪ ಅದನ್ನು ನೋಡಿ ನಗುತ್ತಲೇ ಕಾರಿನ ಹೊದಿಕೆ ತೆಗೆದ. ಗಾಲಿ ಬಿಚ್ಚಿದ ಸೈಕಲ್ಲನ್ನು ಹಿಂದೆ ಮಲಗಿಸಿದರು. ಏಳು ಗಂಟೆಗೆ ಧರೆಪ್ಪ ಕೀಲಿ ತಿರುವಿದ.

ಟಕ್.

ಮತ್ತೆ ತಿರುವಿದ. ಟಕ್. ಅಷ್ಟೇ. ಸೀತವ್ವ ಬಗ್ಗಿ ಒಳಗೆ ನೋಡಿದಳು. "ಅಯ್ಯ, ನಂದಾದೀಪನೂ ಆರೈತಲ್ರಿ! ಬಸವಣ್ಣ ಕತ್ತಲದಾಗ ಕುಂತಾನ."

ಜೊತೆಗೆ ಹೋಗಲೆಂದು ಸೀತವ್ವನ ತಮ್ಮ ಪರಶು ಬಂದಿದ್ದ. ಕನ್ನೊಳ್ಳಿಯ ಸಾಲಿ ಮಾಸ್ತರ. ಎಮ್ಮೆಯಿಂದ ಕಂಡಕ್ಟರ್‌ವರೆಗೆ ಯಾರ ದನಿಯನ್ನಾದರೂ ತೆಗೆಯುವ ಭೂಪ. ಅವತ್ತು ಅವನೂ ತೋಳೇರಿಸಿದ. ಓಣಿಯ ಆರು ಮಂದಿಯನ್ನು ಕೂಡಿಸಿ ಹನುಮಪ್ಪನ ಗುಡಿಯವರೆಗೆ ನೂಕಿ, ಮತ್ತೆ ಮನೆಯವರೆಗೆ ಕಾರು ನೂಕಿದರು. ಮಂದಿ ಏದುಸಿರು ಬಿಟ್ಟರು. ಕಾರು ಉಸಿರೇ ಬಿಡಲಿಲ್ಲ. ಒಂಬತ್ತರೊಳಗೆ ಮುಟ್ಟಿಸುವ ಬೇರೆ ಬಸ್ಸಿಲ್ಲ, ಬೈಕಿನ ಮೇಲೆ ಸೈಕಲ್ಲು ಕೂಡುವಂತಿಲ್ಲ.

ಶಿವಾನಿ ಸೈಕಲ್ಲಿನ ಗಾಲಿ ಎದೆಗವಚಿಕೊಂಡು ನಿಂತಿದ್ದಳು. ಅಳಲಿಲ್ಲ, ಬೈಯಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು: "ಅಪ್ಪಾ, ನಾ ವಿಜಯಪುರತನಕ ಸೈಕಲ್ ಮ್ಯಾಲನ ಹೋಗ್ಲೇನು?"

ಅಲ್ಲಿಯವರೆಗೆ ತುಳಿದು, ಆಮೇಲೆ ಸ್ಪರ್ಧೆಯಲ್ಲಿ ತುಳಿಯುವುದು! ಧರೆಪ್ಪ ಫೋನ್ ತೆಗೆದ. "ಕೌಸರವ್ವಾ..." ಎನ್ನುತ್ತಿದ್ದಂತೆಯೇ ಹಿಂದಿನಿಂದ ಸೀತವ್ವ ಎಲ್ಲಾ ಕೂಗಿ ಹೇಳಿದಳು.

ಹತ್ತು ನಿಮಿಷದಲ್ಲಿ ಕೌಸರ ಸ್ಕೂಟಿಯ ಮೇಲೆ ಬಂದಳು. ಹೆಗಲಿಗೆ ಎರಡು ದಪ್ಪ ಕೇಬಲ್, ಒಂದು ಕೆಂಪು, ಒಂದು ಕಪ್ಪು. "ನಾ ಹೇಳಿದ್ದೆ ಇಲ್ರಿ?" ಎನ್ನುತ್ತಾಳೆಂದು ಧರೆಪ್ಪ ತಲೆ ತಗ್ಗಿಸಿ ಕಾಯುತ್ತಿದ್ದ. ಆಕೆ ಕೇಳಿದ್ದು ಬೇರೆಯೇ.

"ಸಿದ್ದರಾಯಣ್ಣನ ಟ್ರಾಕ್ಟರ್ ಮನ್ಯಾಗ ಐತೇನ್ರಿ? ಅದರದೂ ಹನ್ನೆರಡು ವೋಲ್ಟ್ ಬ್ಯಾಟರಿ, ಇದೂ ಹನ್ನೆರಡು. ಜಲ್ದಿ ತರಸ್ರಿ."

ಎದುರುಮನೆಯ ಸಿದ್ದರಾಯ ಬನಿಯನ್ ಮೇಲೆಯೇ ಟ್ರಾಕ್ಟರ್ ತಂದ. ಬಾನೆಟ್ ಎತ್ತಿದರೆ ಬ್ಯಾಟರಿಯ ಮೂಲೆಗಳಲ್ಲಿ ಹಸಿರು-ಬಿಳಿ ಪುಡಿ, ಬೂಷ್ಟು ಹಿಡಿದ ಉಪ್ಪಿನಕಾಯಿ ಬರಣಿಯಂತೆ. ಕೌಸರ ಕೈಗವಸು ಹಾಕಿಕೊಂಡು ಅದನ್ನು ಕೆರೆದು ತೆಗೆದಳು. ಅಷ್ಟರಲ್ಲಿ ಧರೆಪ್ಪ ಭಕ್ತಿಯಿಂದ ಐದು ಉದಿನಕಡ್ಡಿ ಹಚ್ಚಿ ಬ್ಯಾಟರಿಗೆ ಬೆಳಗಲು ಬಗ್ಗಿದ.

"ಕಾಕಾ! ದೂರ ಒಯ್ರಿ ಅದನ್ನ! ಬ್ಯಾಟರ್ಯಾಗಿಂದ ಗ್ಯಾಸ್ ಬರ್ತೈತಿ. ಕಿಡಿ ತಾಕಿದ್ರ ಧಡಾಲ್ ಅಂತ ಸಿಡೀತೈತಿ!"

ಸೀತವ್ವ ಉದಿನಕಡ್ಡಿ ಕಸಿದುಕೊಂಡು ಎಮ್ಮೆಯ ನೀರಿನ ಬಾನಿಯಲ್ಲಿ ಅದ್ದಿದಳು.

ಕೌಸರ ಬಾಯಲ್ಲಿ ಹೇಳುತ್ತಲೇ ಕೆಲಸ ಮಾಡಿದಳು. "ಕೆಂಪು ಕೇಬಲ್ ಕಾರಿನ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಟ್ರಾಕ್ಟರಿನ ಪ್ಲಸ್ಸಿಗೆ. ಕಪ್ಪು ಟ್ರಾಕ್ಟರಿನ ಮೈನಸ್ಸಿಗೆ. ಕಡೀ ತುದಿ ಮಾತ್ರ ಕಾರಿನ ಬ್ಯಾಟರಿಗೆ ಬ್ಯಾಡ, ದೂರ ಇಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕ. ಉಲ್ಟಾ-ಪಲ್ಟಾ ಆದ್ರ ಗಾಡಿ ಕರೆಂಟಿನ ಸಾಮಾನೆಲ್ಲಾ ಸುಡ್ತಾವ್ರಿ. ಗೊತ್ತಿಲ್ದೋರು ಕೈ ಹಾಕಬಾರ್ದು."

ಟ್ರಾಕ್ಟರ್ ಐದು ನಿಮಿಷ ಗುಡುಗಿತು. ಆಕೆ ತಲೆಯಾಡಿಸಿದಳು. ಧರೆಪ್ಪ ಬಸವಣ್ಣನನ್ನೂ ಕೌಸರಳನ್ನೂ ಒಮ್ಮೆಗೇ ನೆನೆದು ಕೀಲಿ ತಿರುವಿದ. ಕಾರು ಕೆಮ್ಮಿತು, ಸೀನಿತು, ಎದ್ದು ಕೂತಿತು! ಓಣಿಯೆಲ್ಲಾ ಹೋ ಎಂದಿತು. ಗಂಟೆ ಏಳೂಮುಕ್ಕಾಲು.

ಕೇಬಲ್ಲುಗಳನ್ನು ಹಾಕಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚಿ, ಕೌಸರ ಮಿಣಿಮಿಣಿ ಲೈಟಿನ ತಂತಿ ಹಿಡಿದು ಕೇಳಿದಳು. "ಇದನ್ನ ತಗೀಲೇನ್ರಿ ಕಾಕಾ?"

"ತಗಿಯವಾ. ಬಸವಣ್ಣ ಏನೂ ಅನ್ನೂದಿಲ್ಲ. ಅಂದ್ರ ನನಗ ಅಂತಾನ."

"ದಾರ್‍ಯಾಗ ಎಲ್ಲೂ ಬಂದ್ ಮಾಡಬ್ಯಾಡ್ರಿ. ಅಲ್ಲಿತನಕ ಓಡಿದ್ರ ಬ್ಯಾಟರಿಗೆ ಒಂದಿಷ್ಟು ಜೀವ ಬರ್ತೈತಿ. ಹೋಗಿ ಬಾ ಶಿವಾನಿ, ತುಳಿಯವಾ ಚಂದಂಗ!"

ವಿಜಯಪುರದ ಮೈದಾನದ ಮುಂದೆ ಕಾರು ನಿಂತಾಗ ಒಂಬತ್ತಕ್ಕೆ ಐದು ನಿಮಿಷವಿತ್ತು. ಶಿವಾನಿ ಓಡಿದಳು, ಸೈಕಲ್ ಹೊತ್ತು ಪರಶು ಓಡಿದ, ಬುತ್ತಿಗಂಟು ಹಿಡಿದು ಸೀತವ್ವ ಓಡಿದಳು. ಧರೆಪ್ಪ ಮಾತ್ರ ಇಳಿಯಲಿಲ್ಲ. ಬಂದ್ ಮಾಡಿದರೆ ಮತ್ತೆ ಎಲ್ಲಿ ಟಕ್ ಅನ್ನುತ್ತದೋ ಎಂಬ ಹೆದರಿಕೆ. ಗುರುಗುಟ್ಟುವ ಕಾರಿನಲ್ಲಿ ಕೂತು, ಮಗಳ ಓಟವನ್ನು ಸೀಟಿಯಲ್ಲಿ, ಚಪ್ಪಾಳೆಯಲ್ಲಿ ಕಿವಿಯಿಂದಲೇ ನೋಡಿದ. ಎಷ್ಟೋ ಹೊತ್ತಿನ ಮೇಲೆ ಕಿಟಕಿಯಲ್ಲಿ ಬೆವರಿದ ಮುಖವೊಂದು ತೂರಿತು.

"ಅಪ್ಪಾ, ಆರಿಸಿದ ಆರು ಮಂದ್ಯಾಗ ಐದನೇ ಹೆಸರು ನಂದು!"

ಧರೆಪ್ಪ ಸ್ಟೇರಿಂಗಿಗೆ ಹಣೆ ಹಚ್ಚಿದ. ಕಣ್ಣೀರು ಬಸವಣ್ಣನಿಗೆ ಮಾತ್ರ ಕಂಡಿತು.

ಊರಿಗೆ ಬಂದವನೇ ಮನೆಗೆ ಹೋಗಲಿಲ್ಲ. ತೋಟಕ್ಕೆ ಹೋಗಿ ಬುಟ್ಟಿ ತುಂಬ ನಿಂಬೆಹಣ್ಣು ಹರಿದು ತಂದು ಅಂಗಡಿಯ ಮುಂದಿಟ್ಟು ಕೈ ಮುಗಿದ. "ಕೌಸರವ್ವಾ, ನೀ ಹೇಳಿದಿ, ನಾ ಕೇಳಲಿಲ್ಲ. ಆದ್ರೂ ಕರದಾಗ ಬಂದಿ, ಒಂದ್ ಮಾತು ಅನ್ನಲಿಲ್ಲ. ನನ್ನ ಮಗಳ ವರ್ಷ ಉಳಿಸಿದಿ. ನಿನ್ನ ಉಪಕಾರ ಮರಿಯೂದಿಲ್ಲ."

"ಕೈ ಇಳಸ್ರಿ ಕಾಕಾ. ಶಿವಾನಿ ನನಗೂ ತಂಗೀನ ಅಲ್ರಿ?"

ಗೈಬುಸಾಬ ಒಂದು ಹಣ್ಣು ಮೂಸಿ ನೋಡಿದ. "ಧರೆಪ್ಪಾ, ಇಂಥಾ ಹಣ್ಣು ಗಾಲಿ ಕೆಳಗ ಇಟ್ಟಿಯಲ್ಲೋ ಮಾರಾಯಾ! ವಾರಕ್ಕೊಮ್ಮೆ ನನ್ನ ಶರಬತ್ತಿಗೆ ತಂದ್ಕೊಡು, ಕಾರಿನ್ಯಾಗ. ನಿನ್ನ ಬ್ಯಾಟರಿನೂ ತುಂಬ್ತೈತಿ, ನನ್ನ ಹೊಟ್ಟಿನೂ."

ಬ್ಯಾಟರಿಯನ್ನು ಅಂಗಡಿಯಲ್ಲಿಟ್ಟು ನಿಧಾನವಾಗಿ ಚಾರ್ಜ್ ಮಾಡಿದರು. ಬದುಕಿತು. "ಪೂರಾ ಖಾಲಿ ಆದಾಗೊಮ್ಮೆ ಅದರ ಆಯುಷ್ಯ ಕಡಿಮಿ ಆಗ್ತೈತ್ರಿ," ಎಂದು ಕೌಸರ ಎಚ್ಚರಿಸಿದಳು. ಬಸವಣ್ಣನ ಲೈಟು ಈಗ ಕೀಲಿ ತಿರುವಿದಾಗ ಮಾತ್ರ ಹತ್ತುತ್ತದೆ. ನಂದಾದೀಪ ಮನೆಯ ಜಗಲಿಯ ಮೇಲೆ, ಎಣ್ಣೆಯಲ್ಲಿ.

ಮುಂದಿನ ಅಮವಾಸ್ಯೆ ಬಂತು. ಪೂಜೆಯಾಯಿತು. ಧರೆಪ್ಪ ಕಾರನ್ನು ಒಂದು ಮಾರು ಮುಂದೆ ತಂದ, ನಿಂಬೆಹಣ್ಣು ಪಚಕ್ ಎಂದಿತು. ಹಳೇ ಚಟ ನೋಡಿ, ಕೈ ತಾನಾಗಿ ಕೀಲಿ ತಿರುವಿ ಬಂದ್ ಮಾಡಿತು. ಆಗ ಕಾರಿನೊಳಗಿಂದಲೇ, ಹಸಿದ ಮುದಿ ಎತ್ತು ಮಾತಾಡಿದಂಥ ದನಿ ಎದ್ದಿತು.

"ಧರೆಪ್ಪಾ... ನನ್ನ ಬುತ್ತಿ ಎಲ್ಲೋ?"

ಧರೆಪ್ಪನ ಟೊಪ್ಪಿಗೆ ಜಾರಿತು. ಎರಡೂ ಕೈ ಜೋಡಿಸಿದ. "ತಪ್ಪಾತ್ರಿ ತಂದಿ! ಈಗಿಂದೀಗ ಸಿಂದಗಿತನಕ ಕರಕೊಂಡು ಹೋಗ್ತೇನಿ!"

"ಸಿಂದಗ್ಯಾಗ ಬಿಸಿ ಬಿಸಿ ಮಿರ್ಚಿ ಭಜಿ ತಿನ್ನಸ್ತಿ?"

"ತಿನ್ನಸ್ತೇನ್ರಿ! ಎಷ್ಟ್ ಬೇಕು ಅಷ್ಟು..." ಎಂದವನು ಅಲ್ಲೇ ತಡೆದ. ಕಾರಿಗೆ ಮಿರ್ಚಿ ಭಜಿ? ಹಿಂದಿನ ಸೀಟಿನಲ್ಲಿ ಮಡಿಸಿಟ್ಟ ಹೊದಿಕೆ ಕುಲುಕುಲು ಅಲುಗಾಡುತ್ತಿತ್ತು. ಎಳೆದರೆ ಒಳಗೆ ಪರಶು, ಬಾಯಿಗೆ ಟವೆಲ್ ತುರುಕಿಕೊಂಡು! ಮನೆಯ ಬಾಗಿಲ ಹಿಂದೆ ಸೀತವ್ವ, ಶಿವಾನಿ, ಕೌಸರ.

"ಮಾಮಾ, ಮಾತು ಕೊಟ್ಟೀರಿ. ನಡೀರಿ ಸಿಂದಗಿಗೆ!" ಎಂದ ಪರಶು ಟವೆಲ್ ಕಿತ್ತು.

ಎಲ್ಲರೂ ಹತ್ತಿ ಕೂತರು. ಕಾರು ಸಿಂದಗಿ ರೋಡು ಹಿಡಿಯಿತು.

ಅವರು ಭಜಿ ತಿಂದು ಬರುವಷ್ಟರಲ್ಲಿ ನಿಮ್ಮ ಹತ್ತಿರ ಒಂದು ಮಾತು. ನಿಮ್ಮ ಮನೆಯ ಮುಂದೆಯೂ ಹೊದಿಕೆ ಹೊದ್ದ ಗಾಡಿ ಇದೆಯೇ? ವಾರಕ್ಕೊಮ್ಮೆ ಅರ್ಧ ತಾಸಾದರೂ ಓಡಿಸಿ ಬನ್ನಿ. ನಿಂತಲ್ಲೇ ಎರಡು ನಿಮಿಷ ಗುರುಗುಟ್ಟಿಸಿದರೆ ಬ್ಯಾಟರಿ ತುಂಬುವುದಿಲ್ಲ, ಇನ್ನಷ್ಟು ಬರಿದಾಗುತ್ತದೆ. ಇಳಿಯುವಾಗ ಲೈಟು ಆರಿದೆಯೇ, ಮೊಬೈಲ್ ಚಾರ್ಜರ್ ಕಿತ್ತಿದ್ದೀರಾ ನೋಡಿ. ತಿಂಗಳುಗಟ್ಟಲೆ ಊರು ಬಿಡುವವರು ಮೈನಸ್ ಗುರುತಿನ ತಂತಿ ಬಿಚ್ಚಿಸಿಡಿ. ಬಿಚ್ಚುವಾಗ ಅದು ಮೊದಲು, ಕೂಡಿಸುವಾಗ ಅದು ಕೊನೆಗೆ. ಹೊಸ ಕಾರಾದರೆ ಮೆಕ್ಯಾನಿಕ್‌ನನ್ನು ಕೇಳಿಯೇ ಮಾಡಿ. ನೀರು ಹಾಕುವ ಬ್ಯಾಟರಿಗೆ ಬೋರಿನ ನೀರು ಬೇಡ, ಬ್ಯಾಟರಿ ನೀರೇ ಬೇಕು. ಉದಿನಕಡ್ಡಿ ದೇವರಿಗಿರಲಿ, ಬ್ಯಾಟರಿಗಲ್ಲ. ನಿಮ್ಮೂರಲ್ಲೂ ಒಬ್ಬಳು ಕೌಸರ ಇರುತ್ತಾಳೆ. ಆಕೆ ಹೇಳಿದಾಗ ಕೊಬ್ಬರಿ ಕೊಟ್ಟು ಬಾಯಿ ಮುಚ್ಚಿಸಬೇಡಿ, ಕೇಳಿ.

ಅಗೋ, ಕಾರು ಬಂತು. ಗಾಜು ಇಳಿಸಿದ್ದಾರೆ. ಪರಶು ಮತ್ತೆ ಮುದಿ ಎತ್ತಿನ ದನಿ ತೆಗೆದು "ಧರೆಪ್ಪಾ, ಇನ್ನೊಂದು ಪ್ಲೇಟು!" ಎನ್ನುತ್ತಿದ್ದಾನೆ. ಒಳಗೆ ಎಲ್ಲರೂ ನಗುತ್ತಿದ್ದಾರೆ, ಆದರೆ ಇಂಜಿನ್ನಿನ ಸದ್ದನ್ನೂ ಮೀರಿ ಹನುಮಪ್ಪನ ಗುಡಿಯವರೆಗೆ ಕೇಳುತ್ತಿರುವ ಆ ನಗು ಮಾತ್ರ ಧರೆಪ್ಪನದು.