ಐನೂರರ ಗೆರೆ

ಈ ಮನೆಯ ಸಮಸ್ತ ಸದಸ್ಯರಿಗೆ, ಅಂದರೆ ಇಬ್ಬರಿಗೆ, ತಿಳಿಯಪಡಿಸುವುದೇನೆಂದರೆ: ಬಚ್ಚಲಿನ ಅಳತೆಗೆರೆಯ ಪ್ಲಾಸ್ಟಿಕ್ ಜಗ್ಗು ಇಂದಿನಿಂದ ಸ್ನಾನದ ಸೇವೆಯಿಂದ ನಿವೃತ್ತಿ ಹೊಂದಿ, ಯಜಮಾನರ ಮೂತ್ರ ಅಳೆಯುವ ಹುದ್ದೆಗೆ ಬಡ್ತಿ ಪಡೆದಿದೆ.

ಬಾಗಿಲಿಗೆ ಈ ಚೀಟಿ ಅಂಟಿಸಿದವನು ಗಂಡನೇ, ಒಂದು ಕಾಲದ ಬಸ್ ಕಂಡಕ್ಟರು. ದರ್ಜಿ ಕೆಲಸ ಮಾಡುವ ಹೆಂಡತಿಗೆ ನಗು ಬರಲಿಲ್ಲ. ಹಳೆಯ ಕಾಮಾಲೆ ಅವನ ಲಿವರನ್ನು ಕಲ್ಲು ಮಾಡಿತ್ತು.

"ಮುಂದಿನ ಪೆಟ್ಟು ಕಿಡ್ನಿಗೆ ಕಣಮ್ಮಾ. ಬೇಗ ಹಿಡಿದ್ರೆ ಉಳಿಸ್ಬಹುದು. ದಿನಕ್ಕೆ ಐನೂರು ಎಂಎಲ್‌ಗಿಂತ ಕಡಿಮೆ ಆದ್ರೆ ಅವತ್ತೇ ಕರ್ಕೊಂಡ್ ಬನ್ನಿ," ಎಂದಿದ್ದರು ಡಾಕ್ಟರಮ್ಮ.

ಬ್ಲೌಸಿನಲ್ಲಿ ಕಾಲಿಂಚು ತಪ್ಪದ ಕೈ ಅವಳದು. ಐನೂರರ ಗೆರೆಗೆ ಕೆಂಪು ದಾರ ಕಟ್ಟಿದಳು. ದಿನಾ ಬೆಳಿಗ್ಗೆ, ಹಿಂದಿನ ಹಗಲು ರಾತ್ರಿ ಸೇರಿ ಎಷ್ಟಾಯಿತೆಂದು ಜಗ್ಗು ನೋಡಿ ಪುಸ್ತಕದಲ್ಲಿ ಬರೆದಳು. ಅಳೆಯುವವಳಿಗೆ ಅಳಲು ಪುರುಸೊತ್ತೆಲ್ಲಿ?

ಒಂಬೈನೂರು. ಏಳುನೂರು. ಐನೂರೈವತ್ತು. ಆವತ್ತು ತಟ್ಟೆಯ ಮುಂದೆ ಕೂತವಳು ತುತ್ತೆತ್ತದೆ ಎದ್ದಳು.

"ಟಿಕೆಟ್ ತಗೊಂಡು ಬಸ್ ಹತ್ತದೆ ಹೋಗ್ತೀಯಲ್ಲೇ!" ಎಂದ ಗಂಡ.

"ಸುಮ್ನಿರಿ ಕಂಡಕ್ಟ್ರೇ."

ಮರುದಿನ ಆರುನೂರು. ಆಮೇಲೂ ಆರುನೂರು, ಆರುನೂರು. ಅವಳ ಹೊಟ್ಟೆಗೆ ಅನ್ನ ಇಳಿಯಿತು. ಆದರೆ ಗಂಡ ಕೂತಲ್ಲೇ ತೂಕಡಿಸತೊಡಗಿದ, ಜೋಕು ಶುರುಮಾಡಿ ಕೊನೆ ಮರೆತ. ಗಾಬರಿಯಾಗಿ ಆಸ್ಪತ್ರೆಗೆ ಫೋನು ಮಾಡಿದಳು.

"ಐನೂರರ ಮೇಲಿದ್ಯಲ್ಲಾ?" ಎಂದಳು ನರ್ಸು. "ಹಾಗಿದ್ರೆ ಗುರುವಾರ ನಿಮ್ ಸರದಿಗೇ ಬನ್ನಿ."

ಗುರುವಾರ ಡಾಕ್ಟರಮ್ಮ ರಕ್ತದ ವರದಿಯನ್ನು ಎರಡು ಸಲ ಓದಿದರು. "ಕಿಡ್ನಿ ಪೂರ್ತಿ ಸೋತಿದೆ. ಮೂತ್ರ ಯಾವತ್ತೋ ಕಡಿಮೆ ಆಗಿರ್ಲೇಬೇಕು."

"ಇಲ್ಲ ಡಾಕ್ಟ್ರೇ, ಒಂದಿನಾನೂ ಬಿಡದೆ ಬರ್ದಿದೀನಿ," ಎಂದು ಅವಳು ಪುಸ್ತಕ ಮುಂದಿಟ್ಟಳು.

ಗಂಡ ಗೋಡೆ ನೋಡುತ್ತಾ ನಿಧಾನವಾಗಿ ಹೇಳಿದ: "ಅದ್ರಲ್ಲಿ ಅರ್ಧ ನಲ್ಲಿ ನೀರು ಕಣೇ."

"ಏನಂದ್ರಿ?"

"ನೀನು ಏಳೋಕೆ ಮುಂಚೆ ಸೇರಿಸ್ತಿದ್ದೆ. ಹತ್ತು ದಿನ ಆಯ್ತು."

"ಯಾಕ್ರೀ?"

"ಕಡಿಮೆ ಕಂಡ ದಿನ ನೀನು ಉಪವಾಸ ಬೀಳ್ತೀಯಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹತ್ತು ದಿನ ಮುಂಚೆ ಬಂದಿದ್ರೆ..." ಎಂದವರು ವಾರ್ಡಿನಲ್ಲಿ ಹಾಸಿಗೆ ಇದೆಯಾ ಎಂದು ಫೋನಿನಲ್ಲಿ ವಿಚಾರಿಸಿದರು.

ಅವಳು ಪುಸ್ತಕ ತಿರುವಿದಳು, ಮೊದಲಿಂದ ಕೊನೆಯವರೆಗೆ, ಮತ್ತೆ ಕೊನೆಯಿಂದ ಮೊದಲಿಗೆ. ಒಂದು ದಿನವೂ ಐನೂರರ ಕೆಳಗೆ ಇಳಿದಿರಲಿಲ್ಲ. ನಿಯಮದ ಪ್ರಕಾರ ಅವನನ್ನು ಕರೆತರಬೇಕಾದ ದಿನ ಇನ್ನೂ ಬಂದೇ ಇರಲಿಲ್ಲ.