ಮೂರೂವರೆ ತಾಸಿನ ದಾರಿ

ನನ್ನ ಮದುವೆಯ ಹಿಂದಿನ ದಿನ ಬೆಳಿಗ್ಗೆ ನೀಲಕ್ಕ ಹಳದೀಪುರದ ನಮ್ಮ ಮನೆಯ ನೆತ್ತಿಯ ಮೇಲೇ ಹಾದುಹೋದಳು. ಇಳಿಯುವಂತಿರಲಿಲ್ಲ, ಅವಳಿದ್ದದ್ದು ವಿಮಾನದಲ್ಲಿ.

ಐವತ್ತೊಂಬತ್ತನೇ ಇಸವಿಯ ಮಾತು. ಭಾವ ಹರಿಹರ ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಗುಮಾಸ್ತ. 'ಸಾಂತಾಕ್ರೂಜಿನಿಂದ ಬಜ್ಪೆಗೆ ನಾನೂರ ನಲವತ್ತು ಮೈಲು. ನಡುವೆ ಬೆಳಗಾವಿಯಲ್ಲಿ ಇಳಿದರೂ ಮೂರೂವರೆ ತಾಸು. ನೀಲಾಳಿಗೆ ಪಾಸ್ ಸಿಕ್ಕಿದೆ' ಎಂದು ಬರೆದಿದ್ದರು. ಆ ಕಾಗದವನ್ನು ಆಯಿ ನನ್ನಿಂದ ಏಳು ಸಲ ಓದಿಸಿದಳು. ಮಗಳ ಮುಖ ನೋಡಿ ಆರು ವರ್ಷವಾಗಿತ್ತು. ಒಂಬತ್ತೂವರೆಗೆ ಕಡಲಂಚಿನಲ್ಲಿ ವಿಮಾನ ಹಕ್ಕಿಯಷ್ಟು ಕಂಡದ್ದೇ ತಡ, ಅಂಗಳದಲ್ಲಿ ಕೆಂಪು ಸೀರೆ ಬೀಸುತ್ತ, "ನೀಲಾ, ಬಸ್ಸು ತಪ್ಪಿಸ್ಕಳಬೇಡ್ವೇ!" ಎಂದು ಕೂಗಿದಳು.

ಭಾವನ ಲೆಕ್ಕವೆಲ್ಲ ಬಜ್ಪೆಯವರೆಗೆ. ಅಲ್ಲಿಂದ ನಮ್ಮೂರಿಗೆ ನೂರ ಚಿಲ್ಲರೆ ಮೈಲಾದರೂ ನಡುವೆ ಎಷ್ಟೊಂದು ಹೊಳೆ! ಬಸ್ಸಿಳಿಯಬೇಕು, ದೋಣಿ ಹತ್ತಬೇಕು, ಆಚೆ ದಡದಲ್ಲಿ ಬೇರೆ ಬಸ್ಸಿಗೆ ಕಾಯಬೇಕು. ಮರುದಿನ ಬೆಳಗಾದರೂ ಅಕ್ಕನ ಸುಳಿವಿರಲಿಲ್ಲ.

ಅತ್ತ ಭಟ್ಕಳದ ಹತ್ತಿರದ ಬೆಳಕೆ ಊರಿನ ಹೆಣ್ಣಿನ ಮನೆಗೆ ದಿಬ್ಬಣ ಹೊರಡಬೇಕು. ನಮ್ಮಲ್ಲಿ ಮದುಮಗ ಹೊಸ್ತಿಲು ದಾಟುವಾಗ ಕಳಸ ಅಕ್ಕನ ಕೈಯಲ್ಲಿರಬೇಕು.

"ಬೆಳಕೆ ಅವಳು ಬರೂ ದಾರಿಲೇ ಇದ್ಯಲ್ಲ. ಅಲ್ಲೇ ಇಳೀತಾಳೆ. ಕಳಸ ನನ್ನ ಮಗಳು ಗಂಗೆ ಹಿಡೀಲಿ" ಎಂದರು ದುರ್ಗ ಮಾವ.

"ಮನೆಮಗಳು ಇರೂವಾಗ ಬೇರೆಯವ್ರು ಎಂತಕ್ಕೆ? ಕಳಸ ಇಲ್ದೆ ಹೆಣ್ಣಿನ ಮನೆ ಮೆಟ್ಟೂಳಲ್ಲ ಅವಳು" ಎಂದಳು ಆಯಿ.

ನನಗೆ ಸಿಟ್ಟು ನೆತ್ತಿಗೇರಿತು. ಲಗ್ನ ನನ್ನದೋ, ಚೊಂಬಿನದೋ? ಆದರೆ ಆಯಿಯ ಹಟದ ಮುಂದೆ ಯಾರ ಬೇಳೆಯೂ ಬೇಯುವುದಿಲ್ಲ. ಬಾವಿಯ ನೀರು ತುಂಬಿದ ಚೊಂಬನ್ನು ತಾನು ಹಿಡಿದಳು, ಕಾಯಿಯನ್ನು ನನ್ನ ಕೈಗೆ ಕೊಟ್ಟಳು, ಮಾವಿನೆಲೆಯನ್ನು ಮಾವನ ಕಿಸೆಗೆ ತುರುಕಿದಳು.

"ಇದು ಕಳಸ ಅಲ್ಲ, ಕುಡಿಯೂ ನೀರು. ನಡೀರಿ."

ಹೊನ್ನಾವರದ ಶರಾವತಿ ಹೊಳೆಯಲ್ಲಿ ನೀರು ಇಳಿತದ ಹೊತ್ತು. ನಮ್ಮ ದೋಣಿ ಮರಳದಿಬ್ಬ ತಪ್ಪಿಸಿ ಸುತ್ತಿಬಳಸಿ ಸಾಗಿತು. ಆಯಿ ಒಂದು ಹನಿಯೂ ಚೆಲ್ಲದಂತೆ ಚೊಂಬು ಹಿಡಿದು ಆಚೆ ದಡವನ್ನೇ ನೋಡುತ್ತಿದ್ದಳು. ಅಲ್ಲಿ ಭಟ್ಕಳದ ಬಸ್ಸಿನ ಪಕ್ಕ, ತಲೆಯ ತುಂಬ ಕೆಂಪು ಧೂಳು ಹೊತ್ತು, ಟ್ರಂಕಿನ ಮೇಲೆ ಕೂತು ಈಚೆಗೆ ಬರಲು ದೋಣಿ ಕಾಯುತ್ತಿದ್ದವಳು ನನ್ನ ಅಕ್ಕ!

ಆಯಿ ಅಪ್ಪಿಕೊಳ್ಳಲಿಲ್ಲ. ಚೊಂಬನ್ನು ಅವಳ ಕೈಗಿಟ್ಟಳು, ಎಲೆ ಜೋಡಿಸಿದಳು, ಮೇಲೆ ಕಾಯಿ ಕೂರಿಸಿದಳು. "ಈ ಹೊಳೆನೇ ನಮ್ಮನೆ ಹೊಸ್ತಿಲು ಅಂದ್ಕ. ಆತು, ಬಸ್ಸು ಹತ್ತು."

ಬಸ್ಸು ಹೊರಟ ಮೇಲೆ ಅಕ್ಕನ ಬಾಯಿ ಬಿಚ್ಚಿತು. "ಆಯಿ, ಬೊಂಬಾಯಿಂದ ಮೂರೂವರೇ ತಾಸು! ಮೇಲಿಂದ ಶರಾವತಿ ಕಂಡ್ತು. ನೀನೂ ಕಾಣ್ತೀಯೇನೋ ಅಂತ ಬಗ್ಗಿ ಬಗ್ಗಿ ನೋಡ್ದೆ."

ಆಯಿ ಅವಳ ಮುಖವನ್ನೇ ನೋಡುತ್ತ ಕೇಳಿದಳು: "ಮೂರೂವರೆ ತಾಸಿನ ದಾರಿಗೆ ಆರು ವರ್ಷ ಎಂತಕ್ಕೆ ಬೇಕಾತೇ ನಿಂಗೆ?"

ಅಕ್ಕನ ಎರಡೂ ಕೈ ಕಳಸ ಹಿಡಿದಿದ್ದವು. ನನ್ನ ಮದುವೆಯ ಶಾಲಿನಿಂದ ನಾನೇ ಅವಳ ಕಣ್ಣೊರೆಸಿದೆ.